ನನ್ನ ಬೆನ್ನಿನ ಮೇಲೆ ಪಾಠ ಹೇಳಿದ ಮಾಸ್ತರು

ಹೋದ ತಿಂಗಳು ಚಿಕ್ಕೋಡಿಯ ಎಲುಬಿನ ಡಾಕ್ಟರು ನನ್ನ ಎಕ್ಸ್‌ರೇ ಹಾಳೆಯನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದರು. ನನಗೆ ಬಲಗೈ ಎತ್ತಲು ಬರುತ್ತಿರಲಿಲ್ಲ; ಅಂಗಿ ತೊಡಲೂ ಹೆಂಡತಿಯನ್ನು ಕರೆಯಬೇಕಾಗಿತ್ತು. ಡಾಕ್ಟರು ಪೆನ್ನಿನ ತುದಿಯನ್ನು ಒಂದು ಕಡೆ ಇಟ್ಟು, ಇಲ್ಲಿ ಸವೆದಿದೆ ಎಂದು ಹೇಳಿ, ಮುಂದಿನದನ್ನು ನನಗೆ ತಿಳಿಯುವ ಹಾಗೆ ಹೇಳಲು ಮಾತು ಹುಡುಕುತ್ತಿದ್ದರು. ಅಷ್ಟರಲ್ಲಿ ನಾನೇ, ‘ಹೆಗಲ ಹಲಗಿ ಮೂಲಿ ಅಲ್ರಿ? ಕಾಲರ್ ಬೋನ್ ಬಂದ ಕೂಡೂ ಜಾಗಾ’ ಎಂದುಬಿಟ್ಟೆ. ಅವರು ಕನ್ನಡಕದ ಮೇಲಿಂದ ನೋಡಿ, ಎಷ್ಟರವರೆಗೆ ಓದಿದ್ದೀರಿ ಎಂದು ಕೇಳಿದರು. ಏಳನೇ ಇಯತ್ತೆ ಎಂದೆ. ಅವರು ನಕ್ಕರು. ನನಗೆ ನಗು ಬರಲಿಲ್ಲ. ಆ ಕಪ್ಪು ಹಾಳೆಯೊಳಗೆ ಬೆಳ್ಳಗೆ ಕಾಣುತ್ತಿದ್ದ ಎಲುಬನ್ನು ಇಪ್ಪತ್ತು ವರ್ಷಗಳ ಹಿಂದೆಯೇ ಒಬ್ಬರು ನನಗೆ ಇದ್ದಿಲಿನಿಂದ ಬರೆದು ತೋರಿಸಿದ್ದರು…

ಅವರನ್ನು ಎಲ್ಲರೂ ಮಾಸ್ತರು ಎನ್ನುತ್ತಿದ್ದರು. ನಿಪ್ಪಾಣಿಯವರು. ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾಗಿದ್ದರು. ಅವರ ಮನೆಯ ಹಿತ್ತಲಲ್ಲಿ, ಹಿಂದೆ ತಂಬಾಕು ತುಂಬಿಡುತ್ತಿದ್ದ ಒಂದು ತಗಡಿನ ಷೆಡ್ಡು ಇತ್ತು. ಅಲ್ಲಿ ಪ್ರತಿ ಐತವಾರ ಏಳೆಂಟು ಹುಡುಗ ಹುಡುಗಿಯರಿಗೆ ಮನುಷ್ಯನ ಮೈ ಬರೆಯುವುದನ್ನು ಕಲಿಸುತ್ತಿದ್ದರು. ಹೂವು, ಗುಡ್ಡ, ಗಣಪತಿ ಬರೆಯಲು ಎಲ್ಲಿಯಾದರೂ ಕಲಿಯಬಹುದಿತ್ತು. ಎದುರಿಗೆ ಒಬ್ಬ ಮನುಷ್ಯನನ್ನು ಕೂಡಿಸಿಕೊಂಡು, ಅವನ ಎಲುಬು ಎಲ್ಲಿದೆ, ಮಾಂಸ ಎಲ್ಲಿದೆ ಎಂದು ತಿಳಿದು ಬರೆಯುವುದು ನಮ್ಮ ಸೀಮೆಯಲ್ಲಿ ಅಲ್ಲೊಂದೇ ಕಡೆ ಇತ್ತು. ಚಿತ್ರಕಲಾ ಕಾಲೇಜಿನ ಪ್ರವೇಶ ಪರೀಕ್ಷೆಗೆ ಅದು ಬೇಕಾಗಿತ್ತು. ನನ್ನ ತಂಗಿ ಅದಕ್ಕಾಗಿಯೇ ಹೋಗುತ್ತಿದ್ದಳು.

ನಮ್ಮ ಊರು ಭೋಜ. ಅಪ್ಪ ತೀರಿಕೊಂಡ ವರ್ಷ ನಾನು ಶಾಲೆ ಬಿಟ್ಟು ನಿಪ್ಪಾಣಿಯ ತಂಬಾಕಿನ ವಖಾರಿಯೊಂದರಲ್ಲಿ, ಅಂದರೆ ಗೋದಾಮಿನಲ್ಲಿ, ಚೀಲ ಹೊರಲು ಸೇರಿದೆ. ತಂಗಿಯನ್ನು ಮಾತ್ರ ಓದಿಸಿದೆವು. ಐತವಾರ ನನಗೆ ಕೆಲಸಕ್ಕೆ ಸೂಟಿ. ಅವಳನ್ನು ಹಳೆಯ ಮೊಪೆಡ್ಡಿನ ಹಿಂದೆ ಕೂಡಿಸಿಕೊಂಡು ಹೋಗಿ, ಪಾಠ ಮುಗಿಯುವವರೆಗೆ ಷೆಡ್ಡಿನ ಹೊರಗೆ ಬೇವಿನ ಮರದ ಕೆಳಗೆ ಕೂತಿರುತ್ತಿದ್ದೆ.

ಹುಡುಗರು ನೋಡಿ ಬರೆಯಲೆಂದು ಷೆಡ್ಡಿನಲ್ಲಿ ಎದುರು ಕೂಡುತ್ತಿದ್ದ ಮುದುಕರೊಬ್ಬರು ಕಾಯಿಲೆ ಬಿದ್ದರು. ಆ ಐತವಾರ ಮಾಸ್ತರು ಹೊರಗೆ ಬಂದು ನನ್ನನ್ನು ನೋಡಿದರು. ಮೋರೆ ನೋಡಲಿಲ್ಲ, ಕುತ್ತಿಗೆ, ಹೆಗಲು, ಬೆನ್ನು… ಸಂತೆಯಲ್ಲಿ ಎತ್ತು ನೋಡುವವರ ಹಾಗೆ ನನ್ನನ್ನು ಒಂದು ಸುತ್ತು ಬಂದು, ಅಂಗಿ ತೆಗೆದು ಒಳಗೆ ಕೂಡುತ್ತೀಯಾ ಎಂದು ಕೇಳಿದರು. ನಾನು ನಾಚಿ ನಕ್ಕೆ. ಬಾಗಿಲಲ್ಲಿ ನಿಂತಿದ್ದ ತಂಗಿ, ‘ಕುಂಡ್ರಣ್ಣಾ, ಮನ್ಯಾಗೂ ಬರೀ ಮೈಲೇನ ತಿರಗತಿ. ಇಲ್ಲೇನ ಹೊಸಾದು?’ ಎಂದಳು.

ಹೊಸದು ಇತ್ತು. ಲುಂಗಿಯನ್ನೂ ಬಿಟ್ಟು ಬರೀ ಚಡ್ಡಿಯಲ್ಲಿ ಕೂಡಬೇಕಾಗಿತ್ತು, ಅದೂ ಹುಡುಗಿಯರ ಮುಂದೆ. ವಖಾರಿಯ ಹಮಾಲರಿಗೆ ತಿಳಿದರೆ ಸಾಯುವ ತನಕ ಚೇಷ್ಟೆ ಮಾಡುತ್ತಾರೆ. ಅದಕ್ಕೆ ನಾನು ಎರಡು ಮಾತು ಕೇಳಿದೆ: ನನ್ನ ಮೋರೆ ಬರೆಯಬಾರದು, ಕೂತವನು ನಾನೆಂದು ಯಾರಿಗೂ ಹೇಳಬಾರದು. ಮಾಸ್ತರು ಎರಡಕ್ಕೂ ಮಾತು ಕೊಟ್ಟರು. ಒಳಗಿದ್ದ ಹುಡುಗರಿಂದಲೂ ಮಾತು ತೆಗೆದುಕೊಂಡರು.

ಹೀಗೆ ನಾನು ಅವರಿಗೆಲ್ಲ ಬೆನ್ನು ಮಾಡಿ ಸ್ಟೂಲಿನ ಮೇಲೆ ಕೂತೆ. ಕ್ವಿಂಟಲ್ ತೂಕ ಹೊರುವುದಕ್ಕಿಂತ ಸುಮ್ಮನೆ ಕೂಡುವುದು ಕಷ್ಟ ಎಂದು ಆವತ್ತು ತಿಳಿಯಿತು. ಒಂದು ನೊಣ ಬಂದು ಹೆಗಲ ಮೇಲೆ ಕೂತಿತು. ನಾನು ಮಿಸುಕಾಡಿದೆ. ಮಾಸ್ತರು, ‘ತಂಬಾಕಿನ ಚೀಲ ಹೊರಾಂವಗ ಒಂದ ನೊಣ ಭಾರಾತೇನೋ?’ ಎಂದರು. ಷೆಡ್ಡೆಲ್ಲ ನಕ್ಕಿತು. ಆಮೇಲೆ ನನಗೆ ನಾಚಿಕೆ ಅನ್ನಿಸಲಿಲ್ಲ.

ಅವರು ಪಾಠ ಹೇಳುತ್ತಿದ್ದ ರೀತಿ ಹೀಗಿತ್ತು. ಮೊದಲು ಸೀಮೆಸುಣ್ಣದಿಂದ ನನ್ನ ಬೆನ್ನಿನ ಮೇಲೇ ಗೆರೆ ಎಳೆಯುತ್ತಿದ್ದರು: ನಡುವೆ ಬೆನ್ನೆಲುಬು, ಎರಡೂ ಕಡೆ ತ್ರಿಕೋನದಂತೆ ಹೆಗಲ ಹಲಗೆ. ಆಮೇಲೆ ಕೈ ಎತ್ತು ಎನ್ನುತ್ತಿದ್ದರು. ಎತ್ತಿದರೆ ಸುಣ್ಣದ ಗೆರೆ ಇದ್ದಲ್ಲೇ ಇರುತ್ತಿತ್ತು, ಒಳಗಿನ ಎಲುಬು ಪಕ್ಕಕ್ಕೆ ಜಾರಿ ಹೋಗಿರುತ್ತಿತ್ತು. ‘ನೋಡ್ರಿ, ತೊಗಲ ಇಲ್ಲೇ ಉಳೀತು, ಎಲಬ ಮುಂದ ಹೋತು. ಬರೇ ತೊಗಲ ನೋಡಿ ಬರದ್ರ ಕೈ ಎತ್ತಿದಂಗ ಕಾಣೂದಿಲ್ಲ, ಕೈ ಅಂಟಿಸಿದಂಗ ಕಾಣತೈತಿ’ ಎನ್ನುತ್ತಿದ್ದರು. ಒಬ್ಬ ಹುಡುಗ ನನ್ನ ಎರಡೂ ಹೆಗಲನ್ನು ಸಮನಾಗಿ ಬರೆದಿದ್ದ. ಹತ್ತು ವರ್ಷ ಚೀಲ ಹೊತ್ತು ನನ್ನ ಬಲಹೆಗಲು ಇಳಿದಿತ್ತು, ಕುತ್ತಿಗೆಯ ಬುಡದಲ್ಲಿ ದಡ್ಡುಗಟ್ಟಿತ್ತು. ಮಾಸ್ತರು ಅದನ್ನು ಅಳಿಸಿ, ಇದು ಮೂರ್ತಿಯ ಬೆನ್ನಲ್ಲ, ದುಡಿದವನ ಬೆನ್ನು, ಹೇಗಿದೆಯೋ ಹಾಗೆ ಬರೆ ಎಂದರು. ತನ್ನ ಬೆನ್ನನ್ನು ತಾನೇ ನೋಡಿಕೊಳ್ಳಲು ಯಾರಿಗೂ ಆಗುವುದಿಲ್ಲ. ನಾನು ನನ್ನದನ್ನು ಮೊದಲ ಸಲ ನೋಡಿದ್ದು ತಂಗಿಯ ಹಾಳೆಯ ಮೇಲೆ. ಆ ದಡ್ಡನ್ನೂ ಬಿಡದೆ ಬರೆದಿದ್ದಳು. ಹೊರೆ ಹೊರಲಿಕ್ಕಷ್ಟೇ ಇದ್ದ ನನ್ನ ಮೈಯನ್ನು ಅಷ್ಟು ಗಮನವಿಟ್ಟು, ಅಷ್ಟು ಮರ್ಯಾದೆಯಿಂದ ಅದಕ್ಕೂ ಮೊದಲು ಯಾರೂ ನೋಡಿರಲಿಲ್ಲ.

ಆ ವರ್ಷವೇ ನನ್ನ ಮದುವೆಯ ಮಾತು ನಡೆದಿತ್ತು. ಹುಡುಗಿ ದಿಗ್ಗೇವಾಡಿಯವಳು. ಐಗಳಿಯಿಂದ ಸೋದರಮಾವ ಬಂದು ನಮ್ಮಲ್ಲಿ ಉಳಿದಿದ್ದರು. ಅಪ್ಪ ಹೋದ ಮೇಲೆ ನಮಗೆ ಹಿರಿಯರು ಅವರೇ. ಅವರು ಬೇಡವೆಂದದ್ದು ಮನೆಯಲ್ಲಿ ನಡೆಯುತ್ತಿರಲಿಲ್ಲ. ಒಂದು ಶನಿವಾರ ಮಧ್ಯಾಹ್ನ ಮದುವೆಗೆ ಕರೆಯಬೇಕಾದವರ ಯಾದಿ ಬರೆಯಲು ದೊಡ್ಡ ಹಾಳೆ ಹುಡುಕುತ್ತ, ಟ್ರಂಕಿನ ಹಿಂದಿದ್ದ ಸುರುಳಿಯನ್ನು ಎಳೆದು ಬಿಚ್ಚಿದರು. ಒಳಗೆ ತಂಗಿ ಬರೆದ ಗಂಡಸಿನ ಬರಿಬೆನ್ನು. ಒಂದಲ್ಲ, ಹನ್ನೆರಡು.

‘ಯಾಂವ ಇಂವ?’ ಎಂದು ಮಾವ ಕೇಳಿದರು. ದನಿ ಏರಿಸಲಿಲ್ಲ. ಅವ್ವ ಹಿಟ್ಟಿನ ಕೈಯಲ್ಲೇ ಒಳಗಿನಿಂದ ಬಂದಳು.

ನಾನು ಅಂಗಿ ತೊಟ್ಟು ಕಂಬದ ಹತ್ತಿರ ನಿಂತಿದ್ದೆ. ಅದು ನಾನೇ ಎಂದಿದ್ದರೆ ಮುಗಿಯುತ್ತಿತ್ತು. ಅಣ್ಣನ ಬೆನ್ನನ್ನು ತಂಗಿ ಬರೆದರೆ ಯಾರೇನು ಅನ್ನುತ್ತಾರೆ? ಆದರೆ ನನ್ನ ತಲೆಯಲ್ಲಿ ಇದ್ದದ್ದು ಬೇರೆ. ಊರ ಹುಡುಗಿಯರ ಮುಂದೆ ಚಡ್ಡಿಯಲ್ಲಿ ಕೂಡುವ ವರ ಎಂಬ ಮಾತು ದಿಗ್ಗೇವಾಡಿಗೆ ಮುಟ್ಟುತ್ತದೆ, ಸಂಬಂಧ ಮುರಿಯುತ್ತದೆ, ವಖಾರಿಯಲ್ಲಿ ನಗುತ್ತಾರೆ… ತಂಗಿ ಒಮ್ಮೆ ನನ್ನ ಕಡೆ ನೋಡಿದಳು. ನಾನು ಗೋಡೆಯ ಕಡೆ ನೋಡಿದೆ. ಅವಳು ತಡೆದು, ‘ಮಾಸ್ತರು ಯಾರನ್ನೋ ಕೂಡಿಸಿದ್ರು ಮಾವಾ, ನನಗ ಗುರ್ತಿಲ್ಲ’ ಎಂದಳು.

ಮಾವ ಹಾಳೆಗಳನ್ನು ನೀಟಾಗಿ ಸುತ್ತಿ ಅವ್ವನಿಗೆ ಕೊಟ್ಟರು. ‘ನಾಳಿಂದ ಕಳಸಬ್ಯಾಡ. ಗುರ್ತಿಲ್ಲದ ಗಂಡಸಿನ ಮೈ ನೋಡ್ಕೋತ ಕುಂಡ್ರು ಸಾಲಿ ನಮಗ ಬ್ಯಾಡ’ ಎಂದರು. ಪರೀಕ್ಷೆಗೆ ಆಗ ಆರು ವಾರ ಉಳಿದಿತ್ತು.

ಮರುದಿನ ನಾವು ಪಾಠಕ್ಕೆ ಹೋಗಲಿಲ್ಲ. ಮಧ್ಯಾಹ್ನದ ಬಸ್ಸಿಗೆ ಮಾಸ್ತರೇ ಭೋಜಕ್ಕೆ ಬಂದರು. ಮಾವ ಅವರನ್ನು ಗೌರವದಿಂದಲೇ ಕೂಡಿಸಿ, ಹಾಳೆಗಳ ವಿಷಯ ಹೇಳಿದರು. ಹುಡುಗಿಯ ಕೈ ಚೆನ್ನಾಗಿದೆ, ಪರೀಕ್ಷೆಯಲ್ಲಿ ಪಾಸಾಗುತ್ತಾಳೆ, ದಯಮಾಡಿ ತಡೆಯಬೇಡಿ ಎಂದು ಮಾಸ್ತರು ಬೇಡಿಕೊಂಡರು. ಮಾವ ಎಲ್ಲವನ್ನೂ ಕೇಳಿ ಒಂದೇ ಪ್ರಶ್ನೆ ಕೇಳಿದರು.

‘ಅಲ್ರಿ ಮಾಸ್ತರ, ಆ ಮನಿಷ್ಯಾ ಯಾರು? ಅಷ್ಟ ಹೇಳ್ರಿ.’

ನಾನು ಅಲ್ಲೇ ಇದ್ದೆ, ಎರಡು ಮಾರು ದೂರದಲ್ಲಿ. ಮಾಸ್ತರು ನನ್ನ ಕಡೆ ತಿರುಗಲಿಲ್ಲ. ತಿರುಗಿದ್ದರೆ ಸಾಕು, ಮಾವನಿಗೆ ತಿಳಿದುಬಿಡುತ್ತಿತ್ತು. ಅದಕ್ಕೇ ಕುತ್ತಿಗೆ ಬಿಗಿಹಿಡಿದು ಕೂತಿದ್ದರು. ನಾನು ಮಾತಾಡಲಿ ಎಂದು ಅವರು ಕಾದದ್ದು ನನಗೆ ಗೊತ್ತಾಯಿತು. ಕೊನೆಗೆ, ‘ಹೆಸರ ಹೇಳೂದಿಲ್ಲಂತ ಮಾತ ಕೊಟ್ಟೇನ್ರಿ. ಆದ್ರ ಆಂವ ಒಳ್ಳೇ ಮನಿಷ್ಯಾ ಅದಾನ. ಅಷ್ಟ ನಾ ಹೇಳಬಲ್ಲೆ’ ಎಂದರು.

ಬೈದಿದ್ದರೆ ಮರೆತುಬಿಡುತ್ತಿದ್ದೆ. ಒಳ್ಳೆಯವನು ಎಂದದ್ದು ಇನ್ನೂ ಒಳಗೆ ಚುಚ್ಚುತ್ತದೆ.

ಎರಡು ವಾರ ಬಿಟ್ಟು ನಾನೊಬ್ಬನೇ ಷೆಡ್ಡಿಗೆ ಹೋದೆ. ಭೋಜದ ಸುದ್ದಿ ಹೇಗೋ ನಿಪ್ಪಾಣಿಗೆ ಮುಟ್ಟಿ, ಇನ್ನಿಬ್ಬರು ಹುಡುಗಿಯರನ್ನೂ ಮನೆಯವರು ಬಿಡಿಸಿದ್ದರು. ಮಾಸ್ತರು ಅದನ್ನು ನನಗೆ ಹೇಳಲಿಲ್ಲ. ಖಾಲಿ ಬಿದ್ದಿದ್ದ ಮಣೆಗಳನ್ನು ನೋಡಿ ನಾನೇ ಕೇಳಿ ತಿಳಿದೆ. ನನ್ನನ್ನು ಬೈಯಿರಿ ಎಂದು ಅವರ ಮುಂದೆ ನಿಂತೆ. ‘ಬೈದ್ರ ನೀ ಹಗರಾಗಿ ಮನೀಗಿ ಹೋಗತಿ. ನಿನ್ನ ತಂಗಿ ಪಾಠ ಅರ್ಧಕ್ಕ ನಿಂತೈತಿ, ಅದರ ವಿಚಾರ ಮಾಡೂಣು ಬಾ’ ಎಂದರು. ನನ್ನ ಕೈಗೆ ಒಂದು ಇದ್ದಿಲು ತುಂಡು ಕೊಟ್ಟರು. ಅವಳು ಬರುವ ಹಾಗಿಲ್ಲವಲ್ಲ, ನೀನು ಕಲಿತು ಹೊತ್ತುಕೊಂಡು ಹೋಗು, ಹೊರುವುದು ನಿನಗೆ ಬರುತ್ತದೆ ಎಂದರು.

ಏಳನೇ ಇಯತ್ತೆಗೆ ಬಿಟ್ಟವನಿಗೆ ಕಲಿಸುವುದು ಸುಲಭವಿರಲಿಲ್ಲ. ನಾನು ಬರೆದ ತಲೆಗಳು ಸೋರೆಕಾಯಿಯಂತೆ ಆಗುತ್ತಿದ್ದವು. ಅವರು ಬೇಸರಿಸಲಿಲ್ಲ. ನನ್ನದೇ ಕೈಯಿಂದ ನನ್ನ ಮೊಣಕೈ, ಪಕ್ಕೆಲುಬು, ಮಂಡಿಚಿಪ್ಪು ಮುಟ್ಟಿಸಿ ಹೆಸರು ಹೇಳಿಸಿದರು. ಯಾವ ಎಲುಬು ಎಲ್ಲಿ ತೊಗಲಿನ ಹತ್ತಿರ ಬರುತ್ತದೆ, ಎಲ್ಲಿ ಮಾಂಸದೊಳಗೆ ಅಡಗುತ್ತದೆ ಎಂದು ತೋರಿಸಿದರು. ನಿಂತ ಮನುಷ್ಯ ತನ್ನ ತಲೆಯ ಅಳತೆಯಲ್ಲಿ ಏಳೂವರೆ ತಲೆ ಎತ್ತರ ಎಂದು ಕಲಿಸಿದರು. ನನ್ನ ಮದುವೆಯ ದಿನ ಅಕ್ಷತೆ ಹಾಕಲು ನಿಂತವರನ್ನೆಲ್ಲ ನಾನು ತಲೆ ಲೆಕ್ಕದಲ್ಲಿ ಅಳೆಯುತ್ತ ನಿಂತಿದ್ದೆ. ಮಾವ ಆರೂವರೆ ಇದ್ದರು.

ಪಾಠ ಹೊತ್ತು ತಂದು ಸಂಜೆ ದನದ ಕೊಟ್ಟಿಗೆಯಲ್ಲಿ ತಂಗಿಗೆ ಒಪ್ಪಿಸುತ್ತಿದ್ದೆ. ಅಂಗಿ ತೆಗೆದು ನಿಲ್ಲುತ್ತಿದ್ದೆ. ಅವಳು ನೆಲದ ಫರ್ಸಿಕಲ್ಲಿನ ಮೇಲೆ ಇದ್ದಿಲಿನಿಂದ ಬರೆದು, ನೀರು ಹಾಕಿ ತೊಳೆಯುತ್ತಿದ್ದಳು. ಒಂದು ದಿನ ಅವ್ವ ಬಂದು, ನೆಲದ ಚಿತ್ರವನ್ನೂ ನನ್ನ ಬೆನ್ನನ್ನೂ ನೋಡಿ ಅಲ್ಲೇ ಕೂತುಬಿಟ್ಟಳು. ‘ಮದುವಿ ಒಂದ ಮುಗೀಲಿ, ಆಮ್ಯಾಲ ನಿಮ್ಮ ಮಾವಗ ಹೇಳೂಣು’ ಎಂದಳು. ಪರೀಕ್ಷೆಯ ದಿನ ಮದುವೆಗಿಂತ ಮೊದಲೇ ಬಂದು ಹೋಯಿತು. ಆಮೇಲೆ ಹೇಳಿ ಏನು ಫಲ ಎಂದು ನಾನೂ ಸುಮ್ಮನಾದೆ. ತಂಗಿ ಆ ಮಾತನ್ನು ಒಮ್ಮೆಯೂ ಎತ್ತಲಿಲ್ಲ. ಪಾಠವನ್ನು ಮಾತ್ರ ಒಂದು ವಾರವೂ ತಪ್ಪಿಸಲು ಬಿಡಲಿಲ್ಲ. ಹೀಗೆ ಎರಡು ವರ್ಷ ನಡೆಯಿತು, ಅವಳು ಮದುವೆಯಾಗಿ ಕಾಗವಾಡಕ್ಕೆ ಹೋಗುವವರೆಗೆ.

ಕಾಲೇಜಿಗೆ ಅವಳು ಹೋಗಲೇ ಇಲ್ಲ. ಆದರೆ ಕಾಗವಾಡದ ಅವಳ ಅಂಗಳದಲ್ಲಿ ಈಗ ಐತವಾರಕ್ಕೊಮ್ಮೆ ಹುಡುಗಿಯರು ಹಾಳೆ ಹಿಡಿದು ಕೂಡುತ್ತಾರೆ. ಗಂಡನನ್ನೋ ಅತ್ತೆಯನ್ನೋ ಕುರ್ಚಿಯ ಮೇಲೆ ಕೂಡಿಸಿ, ಮೊದಲು ಎಲುಬು ಹುಡುಕಿ ಎನ್ನುತ್ತಾಳೆ. ಇದು ಮಾಸ್ತರು ಕೊಟ್ಟದ್ದು. ಅವರನ್ನು ನಾನು ಕೊನೆಯ ಸಲ ನೋಡಿದಾಗ ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ಕೈ ಚಾಚಿ ನನ್ನ ಹೆಗಲು ಸವರಿ, ಬಲಗಡೆ ಬಹಳ ಇಳಿದಿದೆ, ಚೀಲ ಹೊರುವುದನ್ನು ಇನ್ನು ಬಿಡು ಎಂದರು. ಮಾವನಿಗೆ ಹೇಳಿದೆಯಾ ಎಂದು ಕೇಳಲಿಲ್ಲ. ಎಂದೂ ಕೇಳಲಿಲ್ಲ. ಅವರು ಹೋಗಿ ಆರು ವರ್ಷವಾಯಿತು…

ಎಕ್ಸ್‌ರೇ ತೆಗೆಸಿದ ಮರುವಾರ ನಾನು ಐಗಳಿಗೆ ಹೋದೆ. ಮಾವ ಹಣ್ಣಾಗಿದ್ದಾರೆ, ಆದರೆ ಕಿವಿ ಚುರುಕಾಗಿದೆ. ಅವರ ಮಂಚದ ಹತ್ತಿರ ಕೂತು ಎಲ್ಲವನ್ನೂ ಹೇಳಿದೆ. ಆ ಬೆನ್ನು ನನ್ನದು ಎಂದೆ. ಅವರು ನಿಧಾನವಾಗಿ ಹೇಳಿದರು:

‘ಆವತ್ತ ಹೇಳಿದ್ರ ನಾ ನಕ್ಕ ಬಿಡತಿದ್ನೆಲೋ. ಆಕೀನ್ನ ನಾನ ಕರ್ಕೊಂಡ ಹೋಗಿ ಪರೀಕ್ಷಾಕ್ಕ ಕುಂಡ್ರಸತಿದ್ನಿ.’

ಹೊರಗೆ ಬಂದು ತಂಗಿಗೆ ಫೋನ್ ಮಾಡಿದೆ. ಮಾವನಿಗೆ ಹೇಳಿದೆ ಎಂದೆ. ಅವರು ಏನು ಅಂದರು ಎಂದು ಕೇಳಿದಳು. ಮುಚ್ಚಿಡಲಿಲ್ಲ, ಇದ್ದದ್ದು ಇದ್ದ ಹಾಗೆ ಹೇಳಿದೆ. ಆ ಕಡೆ ಅವಳ ಹುಡುಗಿಯರ ಗಲಾಟೆ ಕೇಳುತ್ತಿತ್ತು.

‘ನಕ್ಕ ಬಿಡತಿದ್ರಂತ?’ ಎಂದಳು.

ಹೌದು ಎಂದೆ.

‘ಆತಣ್ಣಾ. ಹುಡುಗ್ಯಾರ ಕಾಯಾಕತ್ತಾರ’ ಎಂದು ಫೋನ್ ಇಟ್ಟಳು.

ನಾನು ಬಸ್ ಸ್ಟ್ಯಾಂಡಿನಲ್ಲಿ ಕೂತೆ. ಅಥಣಿಯ ಕಡೆಗೆ ಎರಡು ಬಸ್ಸು ಹೋದವು, ಏಳಲಿಲ್ಲ. ಅವಳಿಗೆ ಬಂದ ವಿದ್ಯೆ ಮಾಸ್ತರಿಂದ ಬಂತು. ಅವರನ್ನು ನೆನೆದಾಗಲೆಲ್ಲ ಕೈ ತಾನಾಗಿಯೇ ಜೋಡಿಕೊಳ್ಳುತ್ತದೆ. ಅವಳಿಗೆ ಬಾರದೆ ಹೋದದ್ದು ನನ್ನಿಂದ. ಈ ಎರಡು ಮಾತನ್ನೂ ಮಾಸ್ತರು ಇರುವಾಗಲೇ ಅವರ ಮುಂದೆ ನಿಂತು ಹೇಳಬೇಕಾಗಿತ್ತು.