ಮಾಯಪ್ಪನ ಗಂಟಲೊಳಗಿನ ಗಂಟು

ಮಸಗುಪ್ಪಿಯ ಮಾಯಪ್ಪ ಡೊಳ್ಳಿನ ಪದ ಹಾಡುವವನು, ನಾನು ಅವನ ಹಿಂದೆ ಡೊಳ್ಳು ಬಾರಿಸುವವನು. ಬೀರಪ್ಪನ ಗುಡಿಯ ಮುಂದೆ ಎರಡು ಮೇಳ ಜಿದ್ದಿಗೆ ಕುಳಿತರೆ, ಎದುರಿನವರ ಪ್ರಶ್ನೆಗೆ ಹಾಡಿನಲ್ಲೇ ಉತ್ತರ ಕಟ್ಟುತ್ತಿದ್ದ. ಮೈಕು ಕೆಟ್ಟ ದಿನವೂ ಅವನ ಪದ ಎಲ್ಲರಿಗೂ ಕೇಳುತ್ತಿತ್ತು.

ಆ ದನಿ ಒಡೆಯಿತು. ಮೊದಲು ಎತ್ತರದ ಸ್ವರ ಹೋಯಿತು, ಆಮೇಲೆ ಮಾತೂ ಗೊಗ್ಗರಾಯಿತು. ನಮ್ಮ ಕಡೆ ಹಾಡುಗಾರನ ದನಿ ಹೋದರೆ ಯಾರೂ ಡಾಕ್ಟರನ್ನು ನೆನೆಯುವುದಿಲ್ಲ. ದನಿ ಕೆಡಲೆಂದು ಎದುರು ಮೇಳದವರು ಎಲೆಅಡಿಕೆಯಲ್ಲಿ ಸಿಂಧೂರ ಬೆರೆಸಿ ತಿನ್ನಿಸಿದ್ದಾರೆ ಎನ್ನುತ್ತಾರೆ. ಎದುರು ಮೇಳದ ಹಾಡುಗಾರ, ತುಕ್ಕಾನಟ್ಟಿಯ ಅಲ್ಲಪ್ಪನ ಕೈಯಿಂದ ಮಾಯಪ್ಪ ಎಲೆ ತಿಂದದ್ದು ಹೌದು. ಅಷ್ಟಕ್ಕೇ, ತುಂಬಿದ ಮಂದಿಯಲ್ಲಿ ಮೈಕು ಹಿಡಿದು, "ಅಲ್ಲಪ್ಪ ನನಗ ಸಿಂಧೂರ ತಿನ್ನಿಸ್ಯಾನ!" ಎಂದುಬಿಟ್ಟ. ಆಮೇಲೆ ಅಲ್ಲಪ್ಪನನ್ನು ಯಾವ ಊರಿನವರೂ ಹಾಡಲು ಕರೆಯಲಿಲ್ಲ.

ಸಿಂಧೂರ ಇಳಿಸುವವರ ಮನೆಮನೆ ಅಲೆದು ನನಗೂ ಸಾಕಾಯಿತು. ಮಾಯಪ್ಪನಿಗೆ ನಾಲ್ಕು ಹೆಜ್ಜೆ ನಡೆದರೆ ಉಸಿರು ಸಿಳ್ಳು ಹೊಡೆಯತೊಡಗಿತು. ಬೈದು, ಘಟಪ್ರಭಾದ ದವಾಖಾನೆಗೆ ಎಳೆದುಕೊಂಡು ಹೋದೆ. ಅಲ್ಲಿಂದ ಬೆಳಗಾವಿಗೆ ಕಳಿಸಿದರು. ಗಂಟಲಿನಿಂದ ಚೂರು ತೆಗೆದು ಪರೀಕ್ಷೆ ಮಾಡಿದರು.

"ಕ್ಯಾನ್ಸರ್ ಅಲ್ರಿ," ಎಂದರು ಡಾಕ್ಟರು. "ನರದ ಮ್ಯಾಲಿನ ಪದರದಾಗ ಬೆಳದ ಗಂಟು. ಭಾಳ ಅಪರೂಪ."

"ಸಿಂಧೂರ ಅಲ್ಲೇನ್ರಿ?" ಎಂದ ಮಾಯಪ್ಪ.

"ಎಲ್ಲೀ ಸಿಂಧೂರರಿ! ಇದು ತಾನ ಬೆಳದಿದ್ದು. ಬಿಟ್ರ ಉಸಿರು ಕಟ್ಟತೈತಿ. ತಗದ್ರ ದನಿ ಮೊದಲಿನಂಗ ಬರತೈತಿ ಅಂತ ನಾ ಹೇಳೂದಿಲ್ಲ."

ಮಾಯಪ್ಪ ಗೋಡೆಯ ಕಡೆ ಮುಖ ತಿರುಗಿಸಿದ.

"ಹಾಡು ಹೋದ್ರ ಹೋಗ್ಲಿ ಸಾಹೇಬ್ರ, ಮನಷ್ಯಾ ಇರ್ಲಿ," ಎಂದಳು ಅವನ ಹೆಂಡತಿ ಕೆಂಪವ್ವ.

ಗಂಟು ತೆಗೆದರು. ಉಸಿರು ಸಲೀಸಾಯಿತು. ದನಿ ಮಾತ್ರ ಮಗ್ಗುಲಲ್ಲಿ ಕುಳಿತವನಿಗಷ್ಟೇ ಕೇಳುವಷ್ಟು ಉಳಿಯಿತು. ತಿಂಗಳುಗಟ್ಟಲೆ ಕಾದರೂ ಏರಲಿಲ್ಲ.

ಒಂದು ದಿನ ನನ್ನನ್ನು ಕರೆದುಕೊಂಡು ತುಕ್ಕಾನಟ್ಟಿಗೆ ಹೊರಟ. ಗುಡಿಯ ಕಟ್ಟೆಯ ಮೇಲೆ ಅಲ್ಲಪ್ಪ ಮಂದಿಯ ನಡುವೆ ಕುಳಿತಿದ್ದ. ಮಾಯಪ್ಪ ಅವನ ಪಕ್ಕ ಕುಳಿತು ಏನೋ ಪಿಸುಗುಟ್ಟಿದ.

"ಏನಂತಿ?" ಎಂದ ಅಲ್ಲಪ್ಪ. "ಅವತ್ತ ನಾಕೂರಿಗೆ ಕೇಳೂವಂಗ ಒದರಿದಿ. ಇವತ್ತ ತಪ್ಪಾತು ಅನ್ನೂದು ನನ್ನ ಕಿವಿಗಷ್ಟ ಏನು?"

ಮಾಯಪ್ಪ ನನ್ನನ್ನು ನೋಡಿದ. ನನಗೆ ಸಿಟ್ಟು ನೆತ್ತಿಗೇರಿತು. ಡೊಳ್ಳು ಬಾರಿಸುವುದು ನನ್ನ ಕೆಲಸ, ಇವನ ತಪ್ಪು ಸಾರುವುದಲ್ಲ. ಆದರೂ ಎದ್ದು ನಿಂತು ಕೂಗಿದೆ:

"ಸಿಂಧೂರ ಸುಳ್ಳು! ಗಂಟಲಾಗ ಗಂಟಾಗಿತ್ತು, ಡಾಕ್ಟರ್ ತಗದಾರ. ಅಲ್ಲಪ್ಪಂದು ಏನೂ ತಪ್ಪಿಲ್ಲ!"

"ಇನ್ನೊಮ್ಮಿ," ಎಂದ ಅಲ್ಲಪ್ಪ. "ಊರ ಅಗಸಿ ಬಾಗಲದಾಗಿನ ಮಂದಿಗೆ ಕೇಳಿಲ್ಲ."

ಇನ್ನೊಮ್ಮೆ ಕೂಗಿದೆ. ಮಾಯಪ್ಪ ಕೈಮುಗಿದು ಕುಳಿತಿದ್ದ. ಅವನ ತುಟಿಯೂ ನನ್ನ ಮಾತಿನ ಜೊತೆಗೇ ಅಲ್ಲಾಡುತ್ತಿತ್ತು.