ಕಂಪ್ಯೂಟರಿಗೂ ಗೇಟು ಹಾಕಿದ ಮೈದುನ

ನನ್ನ ಮೈದುನ ಮೂವತ್ತು ವರ್ಷಕ್ಕೂ ಮೇಲೆ ಜೈಲಿನಲ್ಲಿದ್ದ. ಹೀಗೆ ಹೇಳಿದ ಕೂಡಲೇ ಹೊಸಬರು ಕಣ್ಣರಳಿಸುತ್ತಾರೆ. ಆಮೇಲೆ ನಾನು, ಒಳಗಿದ್ದವನಲ್ಲ, ಕಾವಲಿಗಿದ್ದವನು ಎಂದು ಬಿಡಿಸಿ ಹೇಳಬೇಕು. "ಎರಡೂ ಒಂದೇ ಅತ್ತಿಗೆ, ಬೀಗದ ಕೈ ಯಾರ ಜೇಬಲ್ಲಿದೆ ಅನ್ನೋದಷ್ಟೇ ವ್ಯತ್ಯಾಸ" ಎಂದು ಅವನೇ ನಗುತ್ತಾನೆ.

ನೌಕರಿಯ ಮೊದಲರ್ಧ ಅವನು ಜೈಲಿನ ದೊಡ್ಡ ಗೇಟಿನಲ್ಲಿ ನಿಂತಿದ್ದ. ಬೀದಿಯ ಮಕ್ಕಳಿಗೆ ಇವತ್ತಿಗೂ ಅವನು ಗೇಟು ಮಾಮ. ಅಲ್ಲಿಗೆ ಬಂದವರನ್ನೆಲ್ಲ ನಾಲ್ಕು ಮಾತು ಕೇಳುತ್ತಿದ್ದನಂತೆ: ಯಾರು ನೀನು? ಎಲ್ಲಿಂದ ಬಂದೆ? ಯಾರು ಕಳಿಸಿದ್ದು? ಚೀಲದಲ್ಲಿ ಏನಿದೆ? ಈ ಚಾಳಿ ಮನೆಗೂ ಬಂತು. ಗ್ಯಾಸು ತರುವವನಿಗೂ ಅದೇ, ಮಗಳ ಗೆಳತಿಯರಿಗೂ ಅದೇ. ಮಗಳನ್ನು ನೋಡಲು ಬಂದ ಹುಡುಗ ನಾಲ್ಕಕ್ಕೂ ತಡವರಿಸದೆ ಉತ್ತರ ಕೊಟ್ಟು, ಕೊನೆಗೆ ತನ್ನ ಚೀಲವನ್ನೇ ಮೇಜಿನ ಮೇಲೆ ಸುರಿದುಬಿಟ್ಟ. ಅವನೇ ಅಳಿಯನಾದ.

ಆದರೆ ಗೇಟಿನಲ್ಲಿ ಒಂದು ವಿನಾಯಿತಿ ಇತ್ತು. ಸರ್ಕಾರದ ಲಾಂಛನ ಅಂಟಿಸಿಕೊಂಡ ಗಾಡಿ ಬಂದರೆ ಪ್ರಶ್ನೆ ಇಲ್ಲ. ಗೇಟು ತೆಗಿ, ಸೆಲ್ಯೂಟು ಹೊಡಿ, ಅಷ್ಟೇ. ಇದನ್ನು ಯಾಕೆ ಹೇಳಿದೆ ಅನ್ನುವುದು ಮುಂದೆ ಗೊತ್ತಾಗುತ್ತದೆ.

ಕೊನೆಯ ವರ್ಷಗಳಲ್ಲಿ ಅವನನ್ನು ಜೈಲಿನ ಮರಗೆಲಸದ ಶೆಡ್ಡಿಗೆ ಹಾಕಿದರು. ಕೈದಿಗಳಿಗೆ ಗರಗಸ ಹಿಡಿಯುವುದು, ಉಳಿ ಹಿಡಿಯುವುದು ಕಲಿಸುವ ಜಾಗ. ಅಲ್ಲಿಗೆ ಹೋದ ಮೇಲೆ ಮನುಷ್ಯನೇ ಬದಲಾದ. ಅಂಗಿಯ ತುಂಬ ಮರದ ಹೊಟ್ಟು, ಬಾಯಿ ತುಂಬ ಶೆಡ್ಡಿನ ಸುದ್ದಿ. ಅಡುಗೆಮನೆಯಲ್ಲಿ ನಾನು ಕೂರುವ ಕುರ್ಚಿಯೂ ಅಲ್ಲಿನ ಕೈದಿಯೊಬ್ಬ ಮಾಡಿದ್ದು. ಒಂದು ಕಾಲು ತುಸು ಗಿಡ್ಡ, ಅದರಡಿ ರಟ್ಟಿನ ಚೂರು ಮಡಿಸಿ ಇಟ್ಟಿದ್ದೇನೆ.

ನಿವೃತ್ತಿಯಾದ ಮೇಲೆ ಸುಮ್ಮನೆ ಕೂರುತ್ತಾನೆ ಅಂದುಕೊಂಡರೆ, ಅಪರಾಧ ನ್ಯಾಯ ಅನ್ನುವ ವಿಷಯ ತೆಗೆದುಕೊಂಡು ಎಂ.ಎ.ಗೆ ಸೇರಿದ. ಮನೆಯಲ್ಲೇ ಕೂತು ಓದಿ ಪ್ರಬಂಧ ಬರೆಯಬೇಕು. ನನ್ನ ಓರಗಿತ್ತಿ, ಅಂದರೆ ಅವನ ಹೆಂಡತಿ, ಹೊಲಿಗೆಯವಳು. ಮಿಷನ್ನಿನ ಸೂಜಿಗಿಂತ ಅವಳ ನಾಲಿಗೆ ಚೂಪು.

"ನೋಡಕ್ಕಾ, ಜೀವಮಾನ ಎಲ್ಲಾ ಜೈಲು ನೋಡಿದ್ದು ಸಾಲ್ಲಿಲ್ವಂತೆ. ಈಗ ಅದರ ಮೇಲೆ ಪರೀಕ್ಷೆ ಬೇರೆ ಕಟ್ತಾರಂತೆ" ಅಂದಳು.

ಅವನು ಸಿಟ್ಟಾಗಲಿಲ್ಲ. "ನನಗೆ ಒಂದು ವಿಷಯ ಗೊತ್ತಾಗ್ಬೇಕು ಕಣೆ. ಶೆಡ್ಡಲ್ಲಿ ಕೆಲಸ ಕಲಿತೋರು ಹೊರಗೆ ಹೋದ್ಮೇಲೆ ಮತ್ತೆ ಜೈಲಿಗೆ ಬರೋದು ಕಮ್ಮಿಯಾಯ್ತಾ, ಇಲ್ವಾ? ಇಲ್ಲ ಅಂದ್ರೆ ನಾನು ಅಷ್ಟು ವರ್ಷ ಮರದ ಹೊಟ್ಟು ನುಂಗಿದ್ದು ದಂಡ."

ಊಟದ ಮೇಜಿನ ಮೇಲೆ ಕಂಪ್ಯೂಟರು ಬಂತು. ಅವನಿಗೆ ಮನಸ್ಸಿನಲ್ಲೇ ಓದಿ ಅಭ್ಯಾಸವಿಲ್ಲ, ಎಲ್ಲವೂ ಗಟ್ಟಿಯಾಗಿ. ನಾನು ಬಾಗಿಲ ಪಕ್ಕ ಬಟಾಣಿ ಸುಲಿಯುತ್ತ ಕೇಳುತ್ತಿದ್ದೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಅರ್ಧಕ್ಕರ್ಧ ತಲೆಗೆ ಹತ್ತುತ್ತಿರಲಿಲ್ಲ. ಆದರೆ ಯಾವ ಸಾಲಿಗೆ ಅವನ ದನಿ ಏರಿತು, ಯಾವುದಕ್ಕೆ ಇಳಿಯಿತು ಅನ್ನುವುದು ಚೆನ್ನಾಗಿ ತಿಳಿಯುತ್ತಿತ್ತು.

ಒಂದು ಬೆಳಿಗ್ಗೆ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದೇ ನಿಂತ. "ಅತ್ತಿಗೆ! ಸಿಕ್ತು! ಕೆಲಸ ಕಲಿತೋರಲ್ಲಿ ಹತ್ತಕ್ಕೆ ಒಂಬತ್ತು ಜನ ವಾಪಸ್ ಬರೋದೇ ಇಲ್ವಂತೆ!"

ಹೋಗಿ ನೋಡಿದೆ. ಪುಟದ ನೆತ್ತಿಯ ಮೇಲೆ ದುಂಡನೆಯ ಲಾಂಛನ, ಅದರಲ್ಲಿ ತಕ್ಕಡಿ, ಸುತ್ತ ಎಲೆಗಳ ಬಳ್ಳಿ, ಅಂಚಿಗೆ ಖಾಕಿ ಬಣ್ಣ. ಅದನ್ನು ನೋಡುತ್ತ ಮೈದುನ ನೆಟ್ಟಗೆ ನಿಂತಿದ್ದ. ಆ ವಾರವೆಲ್ಲ ಶಿಳ್ಳೆ ಹಾಕುತ್ತ ಒಂದು ಇಡೀ ಅಧ್ಯಾಯ ಬರೆದು ಕಳಿಸಿದ.

ಅವನಿಗೆ ದಾರಿ ತೋರಿಸುವ ಮೇಡಂ ಅವನ ಮಗಳಿಗಿಂತ ಚಿಕ್ಕವಳು. ಕಂಪ್ಯೂಟರಿನಲ್ಲೇ ಮುಖ ತೋರಿಸಿ ಮಾತಾಡುತ್ತಾಳೆ. ಅವಳ ಮುಂದೆ ಕೂರುವಾಗ ಇವನದು ಮೇಲೆ ಇಸ್ತ್ರಿ ಅಂಗಿ, ಕೆಳಗೆ ಮಾಸಿದ ಪೈಜಾಮ.

"ಸರ್, ಈ ಹತ್ತಕ್ಕೆ ಒಂಬತ್ತು ಅನ್ನೋದನ್ನ ಎಣಿಸಿದ್ದು ಯಾರು?" ಅಂದಳು.

"ಸರ್ಕಾರದ್ದು ಮೇಡಂ. ಲಾಂಛನ ಇದೆಯಲ್ಲ."

"ಲಾಂಛನ ಯಾರು ಬೇಕಾದ್ರೂ ಬರ್ಕೋಬಹುದು. ಪುಟದ ತಳಕ್ಕೆ ಹೋಗಿ, 'ನಮ್ಮ ಬಗ್ಗೆ' ಅಂತ ಇದೆ. ಒತ್ತಿ ಓದಿ."

ಒತ್ತಿದ. ಓದಲು ಶುರುಮಾಡಿದ ದನಿ ಎರಡು ಸಾಲಿಗೇ ನಿಂತಿತು. ಅದು ಜೈಲುಗಳಿಗೆ ಗರಗಸ, ಯಂತ್ರ ಮಾರುವ ಒಂದು ಕಂಪನಿ.

"ಮಾರೋರು ತಮ್ಮ ಮಾಲು ಕೆಟ್ಟದು ಅಂತಾರಾ ಸರ್?"

"ಇದೇ ಲೆಕ್ಕ ಇನ್ನೂ ಎಷ್ಟೋ ಕಡೆ ಇದೆ ಮೇಡಂ!"

"ಅವರೆಲ್ಲ ಎಲ್ಲಿಂದ ಎತ್ಕೊಂಡಿದ್ದಾರೆ ನೋಡಿ."

ಒಂದೊಂದಾಗಿ ತೆಗೆದು ನೋಡಿದ. ಎಲ್ಲರೂ ಆ ಕಂಪನಿಯಿಂದಲೇ ಎತ್ತಿದ್ದರು. ಒಬ್ಬನೇ ಟೋಪಿ ಬದಲಾಯಿಸಿಕೊಂಡು ಮತ್ತೆ ಮತ್ತೆ ಗೇಟಿಗೆ ಬಂದ ಹಾಗೆ.

"ಈ ಅಧ್ಯಾಯಕ್ಕೆ ನಾನು ಸಹಿ ಹಾಕಲ್ಲ ಸರ್. ತಿಂಗಳ ಕೊನೆಯೊಳಗೆ ನಂಬೋ ಅಂಥ ಮೂಲ ಹುಡುಕಿ ಬರೀರಿ. ಆಗಲಿಲ್ಲ ಅಂದ್ರೆ ಮುಂದಿನ ವರ್ಷ."

ಆ ಮಧ್ಯಾಹ್ನ ತಟ್ಟೆಯ ಮುಂದೆ ಮುಖ ಊದಿಸಿಕೊಂಡು ಕೂತ. ಓರಗಿತ್ತಿ ಬಿಡುತ್ತಾಳೆಯೇ? "ಗ್ಯಾಸಿನವನ ಚೀಲ ತಡಕಾಡ್ತೀರಿ, ಈ ಕಂಪ್ಯೂಟರ್ ಡಬ್ಬಿಯೊಳಗಿಂದ ಬಂದ ಕಳ್ಳನಿಗೆ ಸೆಲ್ಯೂಟ್ ಹೊಡೀತೀರಿ!"

ತುತ್ತು ಕೈಯಲ್ಲೇ ನಿಂತಿತು. ಆಮೇಲೆ ನಕ್ಕುಬಿಟ್ಟ.

ಮರುದಿನದಿಂದ ಕಂಪ್ಯೂಟರಿಗೂ ಗೇಟು ಬಿತ್ತು. ಯಾವ ಪುಟ ಬಂದರೂ ಮೊದಲು "ಯಾರು ನೀನು?" ಅನ್ನುತ್ತಿದ್ದ. ಬರೆದವರ ಹೆಸರಿಲ್ಲದ ಸುದ್ದಿಯೆಲ್ಲ ಅಲ್ಲಿಂದಲೇ ವಾಪಸ್. "ಎಲ್ಲಿಂದ ಬಂದೆ?" ಅಂದರೆ ಲೆಕ್ಕವನ್ನು ಮೊದಲು ಎಣಿಸಿದವರು ಯಾರು ಅಂತ. "ಯಾರು ಕಳಿಸಿದ್ದು?" ಅಂದರೆ ಖರ್ಚು ಕೊಟ್ಟವರು ಯಾರು ಅಂತ. ಚೀಲ ತೆಗೆಸುವುದೆಂದರೆ ಎಷ್ಟು ಜನರನ್ನು, ಯಾವ ಕಾಲದಲ್ಲಿ, ಹೇಗೆ ಎಣಿಸಿದರು ಅನ್ನುವುದು. ಒಬ್ಬ ವಕೀಲ ತನ್ನ ಪುಟದಲ್ಲಿ ಒಂದು ತೀರ್ಪಿನ ಬಗ್ಗೆ ಬರೆದಿದ್ದ. ಇವನು ಅವನ ಮಾತಿಗೇ ನಿಲ್ಲದೆ ಕೋರ್ಟಿನ ಪುಟಕ್ಕೇ ಹೋಗಿ ತೀರ್ಪು ಓದಿದ. ಸರ್ಕಾರದ ಅಂಕಿಅಂಶ ಕಚೇರಿಯ ಪುಟಕ್ಕೆ ಹೋಗುವಾಗಲೂ ಮೇಲಿನ ವಿಳಾಸವನ್ನು ಅಕ್ಷರ ಅಕ್ಷರ ಬೆರಳಿಟ್ಟು ನೋಡಿದ ಮೇಲೆಯೇ ಒಳಗೆ ಕಾಲಿಟ್ಟದ್ದು.

ಪಂಡಿತರ ಲೇಖನಗಳಿಗೆ ಅಲ್ಲಲ್ಲಿ ಬೀಗ ಇತ್ತು, ದುಡ್ಡು ಕಟ್ಟದೆ ತೆರೆಯುತ್ತಿರಲಿಲ್ಲ. ಕಾಲೇಜಿನ ಲೈಬ್ರರಿಯ ಮೂಲಕ ಹೋದರೆ ಕೆಲವು ತೆರೆಯುತ್ತವೆ, ಇಲ್ಲದಿದ್ದರೆ ಬರೆದವರನ್ನೇ ಕೇಳಿ ಎಂದು ಮೇಡಂ ಹೇಳಿಕೊಟ್ಟಳು. ಹೆದರುತ್ತಲೇ ಒಬ್ಬರಿಗೆ ನಾಲ್ಕು ಸಾಲು ಬರೆದ. ಅವರು ಇಡೀ ಲೇಖನವನ್ನೇ ಕಳಿಸಿಕೊಟ್ಟರು.

ಆ ಸಂಜೆ ಅದನ್ನು ಓದಿದ. ಅವರು ಒಂದು ದೊಡ್ಡ ಗುಂಪನ್ನು ವರ್ಷಗಟ್ಟಲೆ ಹಿಂಬಾಲಿಸಿದ್ದರಂತೆ. ಕೆಲಸ ಕಲಿಯದವರಲ್ಲಿ ಹತ್ತಕ್ಕೆ ನಾಲ್ವರು ಮತ್ತೆ ಜೈಲಿಗೆ ಬಂದರೆ, ಕಲಿತವರಲ್ಲಿ ಮೂವರು ಬಂದಿದ್ದರು. ಅಷ್ಟೇ. ಅದರ ಕೆಳಗೆ ಇನ್ನೊಂದು ಮಾತಿತ್ತು: ಕೆಲಸ ಕಲಿಸಲು ಒಳ್ಳೆ ನಡತೆಯವರನ್ನೇ ಆರಿಸುವುದು ರೂಢಿ, ಆದ್ದರಿಂದ ಈ ಲಾಭವೆಲ್ಲ ಕೆಲಸದಿಂದಲೇ ಬಂತೆಂದು ಹೇಳಲಾಗದು.

ಅವನ ದನಿ ಇಳಿಯಿತು. ನಾನು ಬಟಾಣಿ ಬುಟ್ಟಿ ಪಕ್ಕಕ್ಕಿಟ್ಟೆ.

"ಅತ್ತಿಗೆ, ಇದು ನನ್ನನ್ನೇ ನೋಡಿ ಬರೆದ ಹಾಗಿದೆ. ಶೆಡ್ಡಿಗೆ ಯಾರು ಬರ್ಬೇಕು ಅಂತ ಆರಿಸ್ತಿದ್ದೋನು ನಾನೇ. ಜಗಳಗಂಟನ ಕೈಗೆ ಉಳಿ ಕೊಡೋಕೆ ಭಯ ಆಗ್ತಿತ್ತು. ತಣ್ಣಗಿರೋರನ್ನೇ ಕರ್ಕೊಳ್ತಿದ್ದೆ. ಅವರು ಹೇಗಿದ್ರೂ ವಾಪಸ್ ಬರ್ತಿರಲಿಲ್ವೋ ಏನೋ."

"ಆ ಕೆಳಗಿನ ಮಾತು ಬಿಟ್ಟು ಬರಿ. ಯಾರಿಗೆ ಗೊತ್ತಾಗುತ್ತೆ?" ಅಂದೆ. ಅವನ ಮುಖ ನೋಡಲಾಗದೆ ಬಂದ ಮಾತು ಅದು.

"ಅರ್ಧ ಚೀಲ ಮಾತ್ರ ತೆಗೆದು ತೋರಿಸಿದವನನ್ನ ನಾನು ಯಾವತ್ತಾದ್ರೂ ಒಳಗೆ ಬಿಟ್ಟಿದ್ದೀನಾ ಅತ್ತಿಗೆ?"

ಇದ್ದದ್ದನ್ನು ಇದ್ದ ಹಾಗೆ ಬರೆದ. ತಾನು ಹೇಗೆ ಆರಿಸುತ್ತಿದ್ದೆ ಅನ್ನುವುದನ್ನೂ ಸೇರಿಸಿದ. ತಿಂಗಳು ಮುಗಿಯುವ ಮೊದಲೇ ಮೇಡಂ ಮುಖ ತೋರಿಸಿದಳು. "ಸಹಿ ಹಾಕಿದ್ದೀನಿ ಸರ್. ಆ ಆರಿಸೋ ವಿಷಯ ಇನ್ನೊಂದು ಪುಟ ಬರೀರಿ, ಶೆಡ್ಡಲ್ಲಿ ನಿಂತವರ ಬಾಯಿಂದ ಅದನ್ನ ಕೇಳಿದ್ದು ನಾನು ಇದೇ ಮೊದಲು" ಅಂದಳು. ಇವನು ಪೈಜಾಮದಲ್ಲಿರುವುದು ಮರೆತು ಎದ್ದು ನಿಂತು ಸೆಲ್ಯೂಟ್ ಹೊಡೆದ. ಹಿಂದೆ ಹೊಲಿಗೆ ಮಿಷನ್ನು ನಿಂತು, ಓರಗಿತ್ತಿಯ ನಗು ಕೇಳಿಸಿತು.

ಆಮೇಲೆ ಬಂದು ನನ್ನೆದುರು ಕೂತು ಒಂದು ಬಟಾಣಿ ಬಾಯಿಗೆ ಹಾಕಿಕೊಂಡ. "ಹತ್ತಕ್ಕೆ ಒಬ್ಬ ಕಮ್ಮಿ, ಅತ್ತಿಗೆ. ಅದೂ ಪೂರ್ತಿ ನನ್ನ ಶೆಡ್ಡಿಂದಲ್ಲ. ಆದ್ರೂ ಸ್ವಲ್ಪ ಇದ್ದೇ ಇರುತ್ತೆ, ಅಲ್ವಾ? ಸಾಕು ಬಿಡು ನನಗೆ."

"ಸಾಕಪ್ಪಾ" ಅಂದೆ. ಏಳುವಾಗ ನನ್ನ ಕುರ್ಚಿ ಕುಂಟಿತು. "ಇದನ್ನ ಮಾಡಿದವನು ಏನಾದ? ವಾಪಸ್ ಬಂದ್ನಾ?"

"ಬಂದ. ಎರಡು ಸಲ ಬಂದ."

"ಅದಕ್ಕೇ ಇರ್ಬೇಕು, ಕಾಲು ಗಿಡ್ಡ."

ಮೈದುನ ಬಗ್ಗಿ ರಟ್ಟಿನ ಚೂರನ್ನು ಮತ್ತೆ ಕಾಲಿನಡಿ ಸರಿಮಾಡಿದ. "ಹಾಗನ್ನೋಕೆ ಪುರಾವೆ ಇಲ್ಲ ಅತ್ತಿಗೆ" ಅಂದ.