ಖಾಲಿ ಡಬ್ಬ ಕೊಡಬಾರದು

ಮನೆಗಳಲ್ಲಿ ಕೂತ ಧೂಳಿನಲ್ಲಿ ಯಾವ ಯಾವ ರಾಸಾಯನಿಕಗಳಿವೆ ಎಂದು ನೋಡುವುದು ನನ್ನ ಕೆಲಸ. ದೇಶದ ರಾಜಧಾನಿಯ ಮುನಿರ್ಕಾ ಬಡಾವಣೆಯ ಒಂದು ಮನೆಯಲ್ಲಿ ಬಾಗಿಲು ತೆಗೆದ ಹಿರಿಯ ಹೆಂಗಸು ಒಳಗೆ ತಿರುಗಿ, "ರೀ, ಧೂಳಿನವರು ಬಂದಿದ್ದಾರೆ" ಎಂದಾಗಲೇ ಅವರು ಕನ್ನಡದವರೆಂದು ಗೊತ್ತಾದದ್ದು.

ನಾನು ಕಪಾಟಿನ ಮೇಲಿನ ಧೂಳು ತೆಗೆಯುತ್ತಿದ್ದರೆ ಆಕೆ ಪಕ್ಕದಲ್ಲೇ ನಿಂತಿದ್ದರು.

"ಪ್ಲಾಸ್ಟಿಕ್‌ನಲ್ಲಿರೋ ಕೆಮಿಕಲ್ಲಿಂದ ದಪ್ಪ ಆಗ್ತಾರಂತೆ, ಹೌದೇನಪ್ಪಾ?"

"ಕೆಲವುಗಳ ಮೇಲೆ ಅನುಮಾನ ಇದೆ ಅಮ್ಮ. ಆದರೆ ನಿಮ್ಮ ತೂಕಕ್ಕೆ ಅದೇ ಕಾರಣ ಅಂತ ಈ ಧೂಳು ನೋಡಿ ಹೇಳೋಕಾಗಲ್ಲ."

ಆಕೆಯ ಮುಖ ಇಳಿಯಿತು. ಒಳಗಿನಿಂದ ಗಂಡ, "ನಾನು ಹೇಳಲಿಲ್ವಾ? ಸಂಜೆ ಕೋಡುಬಳೆ!" ಎಂದರು.

ಆಕೆ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. "ಹೋಗಲಿ, ಮೈಯೊಳಗೆ ಸೇರಿರೋದನ್ನ ತೊಳೆಯೋಕೆ ಯಾವ ಕಷಾಯ ಒಳ್ಳೇದು?"

"ಕಷಾಯ ಯಾವುದೂ ಬೇಡ. ಲಿವರು, ಕಿಡ್ನಿ ಆ ಕೆಲಸ ಮಾಡ್ತಾನೇ ಇರ್ತವೆ. ಬಿಸಿ ಅಡುಗೆ ಪ್ಲಾಸ್ಟಿಕ್ ಡಬ್ಬಕ್ಕೆ ಹಾಕಬೇಡಿ, ಸಾಕು."

ಇದು ಅವರಿಗೆ ಹಿಡಿಸಿತು. ಕೂಡಲೇ ಅಡುಗೆಮನೆಯ ಪ್ಲಾಸ್ಟಿಕ್ ಡಬ್ಬಗಳನ್ನೆಲ್ಲ ಕೆಳಗಿಳಿಸಿದರು. ನಾನು ಹೊರಡುವಾಗ ದೊಡ್ಡದೊಂದನ್ನು ನನ್ನ ಕೈಗಿಟ್ಟರು.

"ನೀನಿನ್ನೂ ಕಡ್ಡಿ ಹಾಗಿದ್ದೀಯ, ನಿನಗೇನೂ ಆಗಲ್ಲ. ಇಟ್ಕೋ."

ಡಬ್ಬ ಭಾರವಾಗಿತ್ತು, ಕೈ ಸುಡುತ್ತಿತ್ತು.

"ಖಾಲಿ ಡಬ್ಬ ಕೊಡಬಾರದಲ್ವಾ? ಬಿಸಿಬೇಳೆಬಾತ್ ಹಾಕಿದ್ದೀನಿ."

ಮೆಟ್ರೋದಲ್ಲಿ ದಾರಿಯುದ್ದಕ್ಕೂ ಅದು ತೊಡೆಯ ಮೇಲೆ ಬೆಚ್ಚಗೆ ಕೂತಿತ್ತು. ರೂಮಿಗೆ ಬಂದು, ದೇವರ ಮೇಲೆ ಹಾಕಬೇಕಾದ ಭಾರವನ್ನು ಲಿವರಿನ ಮೇಲೆ ಹಾಕಿ, ಡಬ್ಬದ ತಳ ಕೆರೆದು ತಿಂದೆ.